ತೀರ್ಪಿಗೆ ಕಾಯಬೇಕಿಲ್ಲ: ಅಪರಾಧದಿಂದ ನೊಂದವರಿಗೆ ಕೊಡಗಿನಲ್ಲಿ ಏನೇನು ಸಿಗಬೇಕು

ಊರಲ್ಲಿ ಒಂದು ಹಲ್ಲೆ ಆಯಿತು, ಕಳ್ಳತನ ಆಯಿತು, ಅದಕ್ಕಿಂತ ಕೆಟ್ಟದ್ದೇನೋ ಆಯಿತು ಅಂದರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ. ‘ಮಾಡಿದವನು ಸಿಕ್ಕಿದ್ನಾ?’ ಸಿಕ್ಕಿದ ಅಂದರೆ ಎಲ್ಲರಿಗೂ ಸಮಾಧಾನ. ಸಿಗಲಿಲ್ಲ ಅಂದರೆ ಪೊಲೀಸರಿಗೆ ಬೈಗುಳ. ಏಟು ತಿಂದವರ ಆಸ್ಪತ್ರೆ ಬಿಲ್ ಯಾರು ಕಟ್ಟಿದರು, ಕೆಲಸಕ್ಕೆ ಹೋಗಲಾಗದ ದಿನಗಳಲ್ಲಿ ಮನೆ ಹೇಗೆ ನಡೆಯಿತು, ರಾತ್ರಿ ಒಬ್ಬರೇ ಇರಲು ಈಗಲೂ ಹೆದರಿಕೆ ಆಗುತ್ತದಾ ಎಂದು ಕೇಳುವವರು ಕಡಿಮೆ.

ಕಾನೂನು ಕೂಡ ಬಹಳ ಕಾಲ ಕೇಳುತ್ತಿರಲಿಲ್ಲ. ಅಪರಾಧ ಎಂದರೆ ಸರ್ಕಾರಕ್ಕೂ ಆರೋಪಿಗೂ ನಡುವಿನ ಜಗಳ ಎಂಬ ಲೆಕ್ಕ. ನೊಂದವರು ಅದರಲ್ಲಿ ಒಬ್ಬ ಸಾಕ್ಷಿ, ಅಷ್ಟೆ. ಕರೆದಾಗ ಬರಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಮನೆಗೆ ಹೋಗಬೇಕು. ಇದು ನಿಜವಾಗಿ ಬದಲಾಗತೊಡಗಿದ್ದು 2009ರ ಡಿಸೆಂಬರ್ 31ರಿಂದ. ಅಂದು ಜಾರಿಗೆ ಬಂದ ತಿದ್ದುಪಡಿ, ಅಪರಾಧದಿಂದ ನೊಂದವರು ಯಾರು ಎಂದು ಕಾನೂನಿನಲ್ಲೇ ಬರೆಯಿತು. ಅವರಿಗೆ ಸರ್ಕಾರದಿಂದ ಪರಿಹಾರ ಮತ್ತು ಮೇಲ್ಮನವಿಯ ಹಕ್ಕನ್ನೂ ಕೊಟ್ಟಿತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಈ ಹಕ್ಕುಗಳು ಇನ್ನಷ್ಟು ಜಾಸ್ತಿಯಾಗಿವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಅಪರಾಧ ನಡೆದ ಮೇಲೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು, ಆರೋಪಿಯನ್ನು ಹಿಡಿದು ಶಿಕ್ಷೆ ಕೊಡಿಸುವ ದಾರಿ. ಇದು ಉದ್ದ, ವರ್ಷಗಟ್ಟಲೆ ಎಳೆಯುತ್ತದೆ, ಕೊನೆಗೆ ಏನಾಗುತ್ತದೋ ಯಾರೂ ಹೇಳಲಾರರು. ಇನ್ನೊಂದು, ನೊಂದವರನ್ನು ನೋಡಿಕೊಳ್ಳುವ ದಾರಿ. ಚಿಕಿತ್ಸೆ, ಹಣ, ವಕೀಲರು, ತಂಗಲು ಜಾಗ, ರಕ್ಷಣೆ. ಈ ಎರಡನೆಯ ದಾರಿ ಮೊದಲನೆಯದಕ್ಕೆ ಕಾಯಬೇಕಿಲ್ಲ. ಆರೋಪಿ ಯಾರು ಎಂದೇ ಗೊತ್ತಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಪರಿಹಾರಕ್ಕೆ ಅರ್ಜಿ ಹಾಕಬಹುದು ಎಂದು ಸಂಹಿತೆಯ 396ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ‘ಕೇಸ್ ಮುಗಿಯಲಿ, ಆಮೇಲೆ ನೋಡೋಣ’ ಎಂದು ಯಾರಾದರೂ ನಿಮಗೆ ಹೇಳಿದರೆ ಅವರಿಗೆ ಕಾನೂನು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ.

ಠಾಣೆಯ ಬಾಗಿಲಲ್ಲಿ

ಎರಡೂ ದಾರಿಗೆ ಹೆಚ್ಚಿನ ಸಲ ಎಫ್‌ಐಆರ್ ಬೇಕಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ದೂರನ್ನು ಬರೆದೇ ಕೊಡಬೇಕು ಅಂತೇನಿಲ್ಲ. ಬಾಯಲ್ಲಿ ಹೇಳಿದರೆ ಪೊಲೀಸರೇ ಬರೆದುಕೊಳ್ಳಬೇಕು, ಓದಿ ಹೇಳಬೇಕು, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ದೂರು ಕೊಟ್ಟವರು ಬೇರೆ, ನೊಂದವರು ಬೇರೆ ಆಗಿದ್ದರೂ ನೊಂದವರಿಗೆ ಪ್ರತಿ ಸಿಗಬೇಕು ಎಂಬುದು ಹೊಸ ಸಂಹಿತೆಯಲ್ಲಿದೆ. ಮೊಬೈಲಿನಿಂದಲೂ ಮಾಹಿತಿ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

‘ಇದು ನಮ್ಮ ಠಾಣೆಗೆ ಬರಲ್ಲ’ ಎಂಬ ಮಾತು ಕೊಡಗಿನಂಥ ಗಡಿ ಜಿಲ್ಲೆಯಲ್ಲಿ ಬಹಳ ಸುಲಭದ ನೆಪ. ಕುಟ್ಟದಿಂದ ನಾಲ್ಕು ಹೆಜ್ಜೆ ಇಟ್ಟರೆ ವಯನಾಡು, ಮಾಕುಟ್ಟ ದಾಟಿದರೆ ಕಣ್ಣೂರು, ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಲೇಬೇಕು. ಆಮೇಲೆ ಅವರೇ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಇದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಮೊದಲು ಇದು ಸರ್ಕಾರದ ಸುತ್ತೋಲೆಗಳಲ್ಲಿತ್ತು, ಈಗ 173ನೇ ಕಲಮಿನಲ್ಲೇ ಬಂದಿದೆ.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇನ್ನೊಂದು ಕಡೆ. ದೂರು ಕೊಟ್ಟೆವು ಅಂತ ನಾವು ಅಂದುಕೊಂಡಿರುತ್ತೇವೆ, ಠಾಣೆಯವರು ಅದನ್ನು ‘ಅರ್ಜಿ’ ಎಂದು ತೆಗೆದುಕೊಂಡಿರುತ್ತಾರೆ. ಎರಡೂ ಕಡೆಯವರನ್ನು ಕರೆಸುತ್ತಾರೆ, ಬುದ್ಧಿ ಹೇಳುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಒಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಆ ಕಾಗದ ಎಫ್‌ಐಆರ್ ಅಲ್ಲ. ಅದರ ಮೇಲೆ ತನಿಖೆ ಇಲ್ಲ, ಕೋರ್ಟ್ ಇಲ್ಲ. ಕೈಗೆ ಬಂದ ಕಾಗದದಲ್ಲಿ ಅಪರಾಧ ಸಂಖ್ಯೆ ಮತ್ತು ಕಲಂಗಳು ಇವೆಯಾ ಎಂದು ಅಲ್ಲೇ ನಿಂತು ನೋಡಬೇಕು. ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧ ಎಂದು ದೂರಿನಿಂದಲೇ ಗೊತ್ತಾದರೆ ಎಫ್‌ಐಆರ್ ಹಾಕುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ಈ 14 ದಿನ ಯಾವ ಕಡೆ ಎಳೆದಾಡುತ್ತದೆ ಎಂಬ ಬಗ್ಗೆ ನನಗಂತೂ ಅನುಮಾನವಿದೆ.

ಠಾಣೆಯಲ್ಲಿ ತೆಗೆದುಕೊಳ್ಳಲಿಲ್ಲ ಅಂದರೆ ಜಗಳವಾಡಿ ಪ್ರಯೋಜನವಿಲ್ಲ. ಅದೇ ದೂರನ್ನು ಮಡಿಕೇರಿಯ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ. ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಆ ರಸೀದಿ ಮತ್ತು ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಜೊತೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ತನಿಖೆ ಮಾಡಿ ಎಂದು ಅವರು ಪೊಲೀಸರಿಗೆ ಆದೇಶ ಕೊಡಬಹುದು. ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಅಪರಾಧಗಳ ದೂರನ್ನು ಬರೆದುಕೊಳ್ಳದ ಪೊಲೀಸ್ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ.

ಲೈಂಗಿಕ ಅಪರಾಧಗಳಲ್ಲಿ ಹೆಣ್ಣುಮಕ್ಕಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರದ ಪ್ರಕರಣವಾದರೆ ಹೇಳಿಕೆ ಪಡೆಯಲು ಅವರ ಮನೆಗೆ ಅಥವಾ ಅವರು ಹೇಳಿದ ಜಾಗಕ್ಕೆ ಪೊಲೀಸರೇ ಬರಬೇಕು. ಯಾವುದೇ ಪ್ರಕರಣದಲ್ಲೂ ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಬರಬೇಕು ಎಂದು ಒತ್ತಾಯಿಸುವಂತಿಲ್ಲ. ಶ್ರೀಮಂಗಲದ ಆಚೆಯ ಯಾವುದೋ ತೋಟದಿಂದ ಮಳೆಗಾಲದಲ್ಲಿ ಠಾಣೆಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ‘ಮನೆಗೇ ಬಂದು ಬರೆದುಕೊಳ್ಳಿ’ ಎಂದು ಕೇಳುವುದು ದರ್ಪ ಅಲ್ಲ, ಕಾನೂನು.

‘ರಾಜಿ ಮಾಡಿಕೊಳ್ಳಿ’

ಕೊಡಗು ಸಣ್ಣ ಜಿಲ್ಲೆ. ಎಲ್ಲರಿಗೂ ಎಲ್ಲರೂ ಗೊತ್ತು. ಇದರಲ್ಲಿ ಒಳ್ಳೆಯದೂ ಇದೆ, ಕಷ್ಟವೂ ಇದೆ. ಒಕ್ಕದ (ಕೊಡವ ಮನೆತನದ) ಹಿರಿಯರು, ಸಂಘದವರು, ತೋಟದ ಮಾಲೀಕರು ಮಧ್ಯೆ ಬಂದು ‘ಊರಲ್ಲೇ ಮುಗಿಸೋಣ’ ಎನ್ನುತ್ತಾರೆ. ಬೇಲಿ ಜಗಳ, ಬೈಗುಳ, ಸಣ್ಣಪುಟ್ಟ ಹೊಡೆದಾಟ ಹೀಗೆ ಮುಗಿದರೆ ಯಾರ ಗಂಟೂ ಹೋಗುವುದಿಲ್ಲ. ಅಂಥವನ್ನು ರಾಜಿ ಮಾಡಿಕೊಳ್ಳಬಹುದು ಎಂದು ಕಾನೂನೇ ಒಂದು ಪಟ್ಟಿ ಕೊಟ್ಟಿದೆ. ಆದರೆ ಅತ್ಯಾಚಾರ ಆ ಪಟ್ಟಿಯಲ್ಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಇಲ್ಲ. ಜಾತಿ ದೌರ್ಜನ್ಯ ಇಲ್ಲ. ಇಂಥವನ್ನು ಹಣ ಕೊಟ್ಟು, ಮದುವೆ ಮಾಡಿಸಿ, ಕಾಲು ಹಿಡಿಸಿ ಊರಲ್ಲಿ ಮುಗಿಸುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ.

ಲೈನ್ ಮನೆಯಲ್ಲಿ, ಅಂದರೆ ತೋಟದೊಳಗಿನ ಕಾರ್ಮಿಕರ ಸಾಲುಮನೆಯಲ್ಲಿ, ಇರುವವರ ಕಥೆ ಇನ್ನೂ ಕಷ್ಟದ್ದು. ಹೊಡೆದವನು ತೋಟದ ಮೇಸ್ತ್ರಿಯೋ ಲೆಕ್ಕ ಬರೆಯುವ ರೈಟರೋ ಆಗಿದ್ದರೆ ದೂರು ಕೊಡುವುದೆಂದರೆ ಕೆಲಸ, ಮನೆ, ಪಡೆದ ಮುಂಗಡ ಮೂರನ್ನೂ ಒಟ್ಟಿಗೆ ಪಣಕ್ಕಿಟ್ಟ ಹಾಗೆ. ಠಾಣೆಗೆ ಹೋಗಿ ವಾಪಸ್ ಬರುವುದು ಅದೇ ತೋಟದ ಗೇಟಿಗೆ. ಅಂಥವರಿಗೆ ‘ಧೈರ್ಯವಾಗಿ ಮುಂದೆ ಬನ್ನಿ’ ಎಂದು ಭಾಷಣ ಮಾಡುವುದು ಸುಲಭ. ಅವರಿಗೆ ಬೇಕಾದದ್ದು ಧೈರ್ಯ ಅಲ್ಲ, ಆ ರಾತ್ರಿ ಮಲಗಲು ಇನ್ನೊಂದು ಜಾಗ. (ಅಂದ ಹಾಗೆ, ಮುಂಗಡ ತೀರಿಸುವ ತನಕ ತೋಟ ಬಿಟ್ಟು ಹೋಗುವಂತಿಲ್ಲ ಎಂದು ತಡೆದರೆ ಅದು 1976ರ ಕಾಯ್ದೆಯ ಪ್ರಕಾರ ಜೀತವೇ ಆಗಬಹುದು. ಅದರ ದೂರು ತಹಸೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ.)

ನೊಂದವರು ಪರಿಶಿಷ್ಟ ಪಂಗಡ ಅಥವಾ ಜಾತಿಯವರಾಗಿದ್ದು, ಆರೋಪಿ ಆ ಸಮುದಾಯಗಳಿಗೆ ಸೇರದವನಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಯರವ, ಜೇನುಕುರುಬ, ಬೆಟ್ಟಕುರುಬ ಸಮುದಾಯದ ಎಷ್ಟೋ ಕುಟುಂಬಗಳು ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ ಇರುವ ಜಿಲ್ಲೆಯಲ್ಲಿ ಈ ಕಾಯ್ದೆ ಗೊತ್ತಿರಲೇಬೇಕು. ನೊಂದವರ ಮಟ್ಟಿಗೆ ನಮ್ಮಲ್ಲಿರುವ ಗಟ್ಟಿ ಕಾನೂನುಗಳಲ್ಲಿ ಇದೂ ಒಂದು. ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೇ ಮಾಡಬೇಕು, 60 ದಿನದೊಳಗೆ ಮುಗಿಸಬೇಕು. ಪರಿಹಾರ ಹಂತಹಂತವಾಗಿ ಬರುತ್ತದೆ. 2016ರಲ್ಲಿ ತಿದ್ದಿದ ನಿಯಮಗಳಲ್ಲಿ ಜಾತಿ ಹಿಡಿದು ಸಾರ್ವಜನಿಕವಾಗಿ ಅವಮಾನ ಮಾಡಿದ್ದಕ್ಕೆ 1 ಲಕ್ಷ ರೂಪಾಯಿ ಇದೆ. ಅದರ ಕಾಲು ಭಾಗ ಎಫ್‌ಐಆರ್ ಆದ ಕೂಡಲೇ, ಅರ್ಧ ಭಾಗ ಆರೋಪಪಟ್ಟಿ ಸಲ್ಲಿಸಿದಾಗ, ಉಳಿದದ್ದು ಶಿಕ್ಷೆಯಾದಾಗ. ಕೊಲೆಯಾಗಿದ್ದರೆ 8.25 ಲಕ್ಷ, ಅದರಲ್ಲಿ ಅರ್ಧ ಮರಣೋತ್ತರ ಪರೀಕ್ಷೆಯ ನಂತರವೇ. ಅಂದರೆ ತೀರ್ಪಿಗಿಂತ ಬಹಳ ಮೊದಲೇ.

ಅದೇ ನಿಯಮಗಳಲ್ಲಿ ಇನ್ನೊಂದಿದೆ, ಇದನ್ನು ಕೇಳುವವರು ಬಹಳ ಕಡಿಮೆ. ತನಿಖೆಗೆ, ಸಾಕ್ಷಿ ಹೇಳಲು ಬಂದು ಹೋಗುವ ಖರ್ಚು, ಆ ದಿನದ ಕೂಲಿ, ಊಟದ ಭತ್ಯೆ ನೊಂದವರಿಗೂ ಸಾಕ್ಷಿಗಳಿಗೂ ಸಿಗಬೇಕು. ಕೇಳಿದರೆ ಕೊಡುತ್ತಾರೆ. ಕೇಳದಿದ್ದರೆ ತಾನಾಗಿ ಬರುವುದು ಅಪರೂಪ. ಜಾತಿ ಪ್ರಮಾಣಪತ್ರ ಇಲ್ಲ ಎಂಬ ಕಾರಣಕ್ಕೆ ಹಣ ನಿಂತುಹೋಗದಂತೆ ಮೊದಲ ವಾರದಲ್ಲೇ ನಾಡಕಚೇರಿಗೆ ಅರ್ಜಿ ಹಾಕುವುದು ಒಳ್ಳೆಯದು. ಜಾಮೀನು ಅರ್ಜಿ ಬಂದರೆ ನೊಂದವರಿಗೆ ಮೊದಲೇ ತಿಳಿಸಬೇಕು, ಅವರ ಮಾತನ್ನು ಕೋರ್ಟ್ ಕೇಳಬೇಕು ಎಂಬುದೂ ಈ ಕಾಯ್ದೆಯ 15ಎ ಕಲಮಿನಲ್ಲಿದೆ.

ಪರಿಹಾರದ ಹಣ ಎಲ್ಲಿಂದ ಬರುತ್ತದೆ

ಉಳಿದ ಅಪರಾಧಗಳಲ್ಲಿ ಪರಿಹಾರ ಕೊಡುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಮಡಿಕೇರಿಯಲ್ಲಿ ಇದೆ. ತಾಲೂಕುಗಳ ಕೋರ್ಟ್‌ಗಳಲ್ಲಿ ಇದರದೇ ತಾಲೂಕು ಸಮಿತಿಗಳಿವೆ. ಜನರಿಗೆ ಇದು ಲೋಕ ಅದಾಲತ್ ನಡೆಸುವ ಕಚೇರಿ ಎಂದಷ್ಟೇ ಗೊತ್ತು. ಆದರೆ ಅಪರಾಧದಿಂದ ನೊಂದವರಿಗೆ ಇದಕ್ಕಿಂತ ಉಪಯೋಗದ ಕಚೇರಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

ಇಲ್ಲಿ ಎರಡು ಕೆಲಸ ಆಗುತ್ತವೆ. ಒಂದು, ಉಚಿತ ವಕೀಲರು. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಮಾನವ ಸಾಗಣೆಗೆ ಸಿಕ್ಕವರು, ಇವರ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ ಪ್ರಕಾರ ವಕೀಲರನ್ನು ಕೊಡಬೇಕು. ಉಳಿದವರಿಗೆ ಆದಾಯದ ಮಿತಿ ಇದೆ. ಎರಡನೆಯದು ಪರಿಹಾರ. ನೊಂದವರು ಅಥವಾ ಅವರನ್ನು ನಂಬಿಕೊಂಡವರು ನೇರವಾಗಿ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಕೋರ್ಟ್ ಶಿಫಾರಸು ಮಾಡಿದರೂ ಇಲ್ಲಿಗೇ ಬರುತ್ತದೆ. ಆರೋಪಿ ಬಿಡುಗಡೆಯಾದರೂ ನೊಂದವರಿಗೆ ಪುನರ್ವಸತಿ ಬೇಕು ಅನಿಸಿದರೆ ಕೋರ್ಟ್ ಶಿಫಾರಸು ಮಾಡಬಹುದು.

ಎಷ್ಟು ಹಣ? ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಜೀವ ಹೋಗಿದ್ದರೆ ಅವಲಂಬಿತರಿಗೆ 5ರಿಂದ 10 ಲಕ್ಷ. ನೊಂದವಳು 18 ವರ್ಷದೊಳಗಿನವಳಾದರೆ ಇದರ ಮೇಲೆ ಅರ್ಧದಷ್ಟು ಜಾಸ್ತಿ. ಎಲ್ಲ ಹಣ ಒಂದೇ ಸಲ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಕಾಲು ಭಾಗ ಖಾತೆಗೆ, ಮುಕ್ಕಾಲು ಭಾಗ ಕನಿಷ್ಠ ಮೂರು ವರ್ಷ ಠೇವಣಿಗೆ. ಇದು ಕೆಲವರಿಗೆ ಬೇಸರ ತರಿಸುತ್ತದೆ. ಆದರೆ ಹಣ ಬಂತು ಎಂದ ಕೂಡಲೇ ಬಾಗಿಲಿಗೆ ಬರುವ ನೆಂಟರನ್ನು ನೆನಪಿಸಿಕೊಂಡರೆ ಈ ನಿಯಮ ಮಾಡಿದವರು ಪೂರಾ ಅಡ್ಡದಾರಿ ಹಿಡಿದಿಲ್ಲ ಅನಿಸುತ್ತದೆ.

ತುರ್ತಿಗೆ ಮಧ್ಯಂತರ ಪರಿಹಾರ ಕೇಳಬೇಕು. ಅರ್ಜಿಯಲ್ಲೇ ಬೇರೆಯಾಗಿ ‘ಮಧ್ಯಂತರ ಪರಿಹಾರ ಕೊಡಿ’ ಎಂದು ಬರೆಯಬೇಕು. ಆ್ಯಸಿಡ್ ದಾಳಿಯಲ್ಲಂತೂ 15 ದಿನದೊಳಗೆ 1 ಲಕ್ಷ, ಆಮೇಲೆ ಎರಡು ತಿಂಗಳೊಳಗೆ ಇನ್ನು 2 ಲಕ್ಷ ಕೊಡಬೇಕು ಎಂದಿದೆ. ಅರ್ಜಿಗೆ ಕಾಲಮಿತಿ ಇರುವುದರಿಂದ ತಡ ಮಾಡುವುದು ಬೇಡ. ಎಫ್‌ಐಆರ್, ವೈದ್ಯರ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಷ್ಟಿದ್ದರೆ ಶುರು ಮಾಡಲು ಸಾಕು. ದಾರಿ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ.

ಇನ್ನು ಚಿಕಿತ್ಸೆ. ಅತ್ಯಾಚಾರ, ಆ್ಯಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ನೊಂದವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ಮೊದಲ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ‘ಮೊದಲು ಎಫ್‌ಐಆರ್ ತನ್ನಿ’ ಎನ್ನುವ ಹಾಗಿಲ್ಲ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ನಿರಾಕರಿಸಿದರೆ ಆಸ್ಪತ್ರೆಯ ಉಸ್ತುವಾರಿಗೆ ಒಂದು ವರ್ಷದವರೆಗೆ ಜೈಲು ಇದೆ. ಪರೀಕ್ಷೆಗೆ ನೊಂದವರ ಒಪ್ಪಿಗೆ ಬೇಕು. ಮೊದಲೇ ಲೈಂಗಿಕ ಸಂಪರ್ಕವಿತ್ತಾ ಎಂದು ನೋಡಲು ಮಾಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆ ದಿನ ತೊಟ್ಟ ಬಟ್ಟೆಯನ್ನು ತೊಳೆಯದೆ, ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ನಮ್ಮ ಕಡೆಯ ತೇವಕ್ಕೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಬಟ್ಟೆ ಬೇಗ ಬೂಸ್ಟು ಹಿಡಿಯುತ್ತದೆ, ಸಾಕ್ಷ್ಯವೂ ಹಾಳಾಗುತ್ತದೆ.

ಮನೆಯೊಳಗಿನ ಹಿಂಸೆಗೆ ದಾರಿ ಬೇರೆ. 2005ರ ಕಾಯ್ದೆಯ ಪ್ರಕಾರ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರ್‌ನ ಕೇಳಿದರೆ ಕಚೇರಿ ಎಲ್ಲಿ ಎಂದು ಹೇಳುತ್ತಾರೆ. ಎಫ್‌ಐಆರ್ ಇಲ್ಲದೆಯೂ ರಕ್ಷಣೆ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ಪಾಲನೆ ಎಲ್ಲಕ್ಕೂ ಮ್ಯಾಜಿಸ್ಟ್ರೇಟ್ ಆದೇಶ ಕೇಳಬಹುದು. ಗಂಡನನ್ನು ಜೈಲಿಗೆ ಹಾಕಿಸಲು ಇಷ್ಟವಿಲ್ಲ, ಹೊಡೆತ ನಿಂತರೆ ಸಾಕು ಎನ್ನುವವರಿಗೆ ಇದೇ ಸರಿಯಾದ ದಾರಿ. ಆ ರಾತ್ರಿಗೆ ಜಾಗ ಬೇಕಾದರೆ ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ಐದು ದಿನದವರೆಗೆ ತಂಗಬಹುದು, ಆಪ್ತ ಸಮಾಲೋಚನೆ, ವಕೀಲರು, ವೈದ್ಯರ ನೆರವು ಅಲ್ಲಿಂದಲೇ ಸಿಗುತ್ತದೆ. 181ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ಮಕ್ಕಳ ವಿಷಯ

18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ, ಶಿಕ್ಷಕರು, ಹಾಸ್ಟೆಲ್ ವಾರ್ಡನ್, ವೈದ್ಯರು, ಪಕ್ಕದ ಮನೆಯವರು, ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಶಾಲೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆ. 1098 ಮಕ್ಕಳ ಸಹಾಯವಾಣಿ.

ಮಗುವಿನ ಹೇಳಿಕೆಯನ್ನು ಮನೆಯಲ್ಲಿ, ಸಮವಸ್ತ್ರ ಇಲ್ಲದ ಅಧಿಕಾರಿ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ಮಗು ಯರವ ಭಾಷೆ ಮಾತನಾಡುತ್ತದೆ, ಮಲಯಾಳಂ ಮಾತನಾಡುತ್ತದೆ ಅಂದರೆ ಅನುವಾದಕರನ್ನು ಕರೆಸಬೇಕು. ಇದು ಸಣ್ಣ ಮಾತಲ್ಲ. ಅಪರಿಚಿತರ ಮುಂದೆ, ತನ್ನದಲ್ಲದ ಭಾಷೆಯಲ್ಲಿ ಎಂಟು ವರ್ಷದ ಮಗು ಹೇಳಿದ್ದು ಅರ್ಧಕ್ಕರ್ಧ ಕಳೆದುಹೋಗುತ್ತದೆ. ಆಮೇಲೆ ಕೋರ್ಟಿನಲ್ಲಿ ‘ಮೊದಲು ಹೀಗೆ ಹೇಳಿರಲಿಲ್ಲ’ ಎಂಬ ಪ್ರಶ್ನೆ ಅದಕ್ಕೇ ಬರುತ್ತದೆ. ಕೋರ್ಟಿನಲ್ಲೂ ಮಗು ಆರೋಪಿಯ ಎದುರು ಬರದಂತೆ ನೋಡಿಕೊಳ್ಳಬೇಕು.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿ ಆ ಮಗುವಿಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ತನಿಖೆಯಿಂದ ತೀರ್ಪಿನ ತನಕ ಜೊತೆಗಿದ್ದು, ಏನು ನಡೆಯುತ್ತಿದೆ ಎಂದು ಮನೆಯವರಿಗೆ ಅರ್ಥವಾಗುವ ಹಾಗೆ ಹೇಳುವುದು ಇವರ ಕೆಲಸ. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಸಮಿತಿಯ ಶಿಫಾರಸಿನ ಮೇಲೆ ಒಂದು ವಾರದೊಳಗೆ ಹಣ ಕೊಡಬೇಕು ಎಂದು 2020ರ ನಿಯಮ ಹೇಳುತ್ತದೆ. ಇದು ದೊಡ್ಡ ಪರಿಹಾರಕ್ಕಿಂತ ಬೇರೆ.

ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಪೋಕ್ಸೊ ಕಾಯ್ದೆಗೆ 18ರ ಕೆಳಗೆ ಒಪ್ಪಿಗೆ ಎಂಬುದಿಲ್ಲ. ಬೇಗ ಮದುವೆಯಾದ 17ರ ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದರೆ ಅವಳ ಗಂಡನ ಮೇಲೆ ಕೇಸ್ ಆಗುತ್ತದೆ. ಈ ಹೆದರಿಕೆಗೆ ಆಸ್ಪತ್ರೆಗೇ ಹೋಗದೆ ಉಳಿದರೆ ಜೀವಕ್ಕೆ ಅಪಾಯ. ಗರ್ಭಪಾತ ಬೇಕಾಗಿ ಬಂದ ಇಂಥ ಹುಡುಗಿಯ ಹೆಸರು, ಗುರುತನ್ನು ವೈದ್ಯರು ಪೊಲೀಸರಿಗೆ ಕೊಡಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ವಲ್ಪ ಸಮಾಧಾನ. ನೊಂದವರನ್ನು ಕಾಯಲು ಮಾಡಿದ ಕಾನೂನು ಕೆಲವೊಮ್ಮೆ ಅವರನ್ನೇ ಹೆದರಿಸುತ್ತದೆ, ಏನು ಮಾಡುವುದು.

ಕೋರ್ಟಿಗೆ ಹೋದ ಮೇಲೆ

ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಪೊಲೀಸರೇ ನೊಂದವರಿಗೆ ತಿಳಿಸಬೇಕು. ಕೋರ್ಟಿನಲ್ಲಿ ಸರ್ಕಾರಿ ವಕೀಲರು ವಾದಿಸಿದರೂ, ಅವರಿಗೆ ನೆರವಾಗಲು ನಿಮ್ಮ ಕಡೆಯಿಂದ ಒಬ್ಬ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟ್ ಅನುಮತಿ ಕೊಡಬಹುದು. ಇಟ್ಟುಕೊಳ್ಳಬೇಕು ಎಂದೇ ನನ್ನ ಸಲಹೆ, ಅದು ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರೇ ಆದರೂ ಸರಿ. ಯಾಕಂದರೆ ಆರೋಪಪಟ್ಟಿ ಮತ್ತು ದಾಖಲೆಗಳ ಪ್ರತಿ ಉಚಿತವಾಗಿ ಸಿಗುವುದು ನೊಂದವರಿಗೆ ವಕೀಲರಿದ್ದಾಗ ಮಾತ್ರ.

ಆರೋಪಪಟ್ಟಿಯ ಬದಲು ಪೊಲೀಸರು ‘ಬಿ ರಿಪೋರ್ಟ್’ ಹಾಕಬಹುದು. ಪ್ರಕರಣ ಸುಳ್ಳು ಅಥವಾ ಸಾಕ್ಷ್ಯವಿಲ್ಲ ಎಂದು ಅದರ ಅರ್ಥ. ಆರೋಪಿ ಪತ್ತೆಯಾಗದಿದ್ದರೆ ‘ಸಿ ರಿಪೋರ್ಟ್’. ಕೋರ್ಟಿನಿಂದ ಇದರ ನೋಟಿಸ್ ಬಂದಾಗ ಎಷ್ಟೋ ಜನ ಕೇಸ್ ಮುಗಿಯಿತು ಎಂದುಕೊಂಡು ಸುಮ್ನೆ ಕೂರುತ್ತಾರೆ. ಮುಗಿದಿಲ್ಲ. ನಿಮ್ಮ ಮಾತು ಕೇಳದೆ ಅದನ್ನು ಒಪ್ಪಬಾರದು ಎಂದೇ ಆ ನೋಟಿಸ್ ಬಂದಿರುವುದು. ತಕರಾರು ಅರ್ಜಿ ಹಾಕಬಹುದು. ಸರ್ಕಾರ ಪ್ರಕರಣ ಹಿಂತೆಗೆದುಕೊಳ್ಳಲು ಹೊರಟರೂ ಈಗ ನೊಂದವರ ಮಾತು ಕೇಳದೆ ಕೋರ್ಟ್ ಒಪ್ಪುವಂತಿಲ್ಲ. ಇದು ಹಳೆಯ ಸಂಹಿತೆಯಲ್ಲಿ ಇರಲಿಲ್ಲ. ಜಾಮೀನಿನ ವಿಚಾರಣೆ ಸೇರಿ ಎಲ್ಲ ಹಂತದಲ್ಲೂ ನೊಂದವರಿಗೆ ಮಾತನಾಡುವ ಹಕ್ಕಿದೆ ಎಂದು 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆರೋಪಿ ಖುಲಾಸೆಯಾದರೆ, ಕಡಿಮೆ ಅಪರಾಧಕ್ಕೆ ಶಿಕ್ಷೆಯಾದರೆ, ಕೋರ್ಟ್ ಕೊಡಿಸಿದ ಪರಿಹಾರ ಸಾಲದಿದ್ದರೆ ನೊಂದವರೇ ಮೇಲ್ಮನವಿ ಹಾಕಬಹುದು. ಇದಕ್ಕೆ ಹೈಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಎಂದು 2018ರ ಅಕ್ಟೋಬರ್‌ನಲ್ಲಿ ತೀರ್ಮಾನವಾಯಿತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. ಹಲ್ಲೆಗೊಳಗಾಗಿ ಕೋರ್ಟ್ ಮೆಟ್ಟಿಲು ಹತ್ತಿದ ವ್ಯಕ್ತಿ ತೀರ್ಪು ಬರುವ ಹೊತ್ತಿಗೆ ಬದುಕಿರಲಿಲ್ಲ.

ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಅರ್ಜಿ ಹಾಕಬಹುದು. ಜಿಲ್ಲಾ ನ್ಯಾಯಾಧೀಶರ ಸಮಿತಿ ಇದನ್ನು ನೋಡುತ್ತದೆ, ಪೊಲೀಸರಿಂದ ಬೆದರಿಕೆಯ ವರದಿ ತರಿಸಿಕೊಳ್ಳುತ್ತದೆ. ಬಂದ ಫೋನ್ ಕರೆ, ದಿನಾಂಕ, ಹೇಳಿದ ಮಾತು ಎಲ್ಲ ಬರೆದಿಟ್ಟುಕೊಂಡಿದ್ದರೆ ವರದಿಗೆ ತೂಕ ಬರುತ್ತದೆ.

ಕದ್ದ ಮಾಲಿನ ಬಗ್ಗೆಯೂ ಎರಡು ಮಾತು. ಕಣದಿಂದ ಕಾಫಿ, ಗೋದಾಮಿನಿಂದ ಕರಿಮೆಣಸಿನ ಚೀಲ ಹೋಗುವುದು ಇಲ್ಲಿ ಹೊಸದೇನಲ್ಲ. ಪೊಲೀಸರು ಹಿಡಿದು ತಂದ ಮೇಲೂ ಚೀಲಗಳು ಮುದ್ದೆಮಾಲಾಗಿ (ಜಪ್ತಿಯಾದ ಮಾಲಾಗಿ) ಠಾಣೆಯಲ್ಲೇ ಕೊಳೆತ ಕಾಲವಿತ್ತು. ಈಗ ಮಾಲು ಕೋರ್ಟಿಗೆ ಬಂದ 14 ದಿನದಲ್ಲಿ ಪಟ್ಟಿ ಮಾಡಿ, ಫೋಟೊ, ವಿಡಿಯೊ ತೆಗೆಸಬೇಕು. ಅದಾಗಿ 30 ದಿನದೊಳಗೆ ಮಾಲಿನ ಬಗ್ಗೆ ಆದೇಶ ಆಗಬೇಕು. ನಿಮ್ಮ ಮಾಲು ಎಂದು ತೋರಿಸಲು ತೂಕದ ಚೀಟಿ, ಚೀಲದ ಮೇಲಿನ ಗುರುತು ಇದ್ದರೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಆನ್‌ಲೈನ್‌ನಲ್ಲಿ ಹಣ ಹೋದರೆ ಠಾಣೆಗೆ ಹೊರಡುವ ಮೊದಲೇ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯುವುದು ಗಂಟೆಗಳ ಲೆಕ್ಕದ ಕೆಲಸ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ತೋಟದ ಮನೆಯಲ್ಲಿ ಒಬ್ಬೊಬ್ಬರೇ ಇರುವ ಹಿರಿಯರಿಗೆ ಇದನ್ನು ಹೇಳಿಡಿ.

ಜೊತೆಗಿರುವವರಿಗೆ

ಕಾನೂನು ಗೊತ್ತಿಲ್ಲದಿದ್ದರೂ ಒಬ್ಬರು ಜೊತೆಗೆ ಹೋದರೆ ಠಾಣೆಯಲ್ಲಿ ಮಾತಿನ ಧಾಟಿಯೇ ಬೇರೆಯಾಗುತ್ತದೆ. ‘ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋದೆ’ ಎಂದು ಮಾತ್ರ ಕೇಳಬೇಡಿ. ಅದನ್ನು ಎದುರು ಪಕ್ಷದ ವಕೀಲರು ಹೇಗೂ ಕೇಳುತ್ತಾರೆ. ದೂರು ಕೊಡಬೇಕೋ ಬೇಡವೋ ಎಂದು ವಯಸ್ಕರ ಪರವಾಗಿ ನೀವು ತೀರ್ಮಾನ ಮಾಡುವುದೂ ಬೇಡ. ಕಾಗದಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡುವುದು, ಕೊಟ್ಟ ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಪಡೆಯುವುದು, ಮುಂದಿನ ತಾರೀಕು ನೆನಪಿಸುವುದು, ಇಷ್ಟು ಮಾಡಿದರೆ ದೊಡ್ಡ ಉಪಕಾರ.

ಅತ್ಯಾಚಾರದಲ್ಲಿ ನೊಂದವರ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ. ಹೆಸರು ಹೇಳಲಿಲ್ಲ ಎಂದರೆ ಸಾಕಾಗದು. ನಮ್ಮಲ್ಲಿ ಮನೆತನದ ಹೆಸರು ಹೇಳಿ ಊರು ಹೇಳಿದರೆ ಮನುಷ್ಯರು ಯಾರೆಂದು ಗೊತ್ತಾಗಿಬಿಡುತ್ತದೆ. ‘ಇಂಥ ತೋಟದ ಲೈನಿನಲ್ಲಿ’ ಅಂದರೂ ಅಷ್ಟೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕನಿಕರಕ್ಕೆಂದು ಹಾಕಿದ ಮೆಸೇಜಿಗೂ ಈ ಕಾನೂನು ಅನ್ವಯಿಸುತ್ತದೆ.

ಕೊನೆಯದಾಗಿ, ಕಾಫಿ ಕುಯ್ಲಿಗೆಂದು ಅಸ್ಸಾಂ ಕಡೆಯಿಂದ ಬರುವ ಕಾರ್ಮಿಕರ ಬಗ್ಗೆ. ಕುಯ್ಲು ಮುಗಿದ ಮೇಲೆ ಅವರು ಹೊರಟುಹೋಗುತ್ತಾರೆ. ಸಮನ್ಸ್ ಖಾಲಿ ಲೈನ್ ಮನೆಗೆ ಬಂದು ವಾಪಸ್ ಹೋಗುತ್ತದೆ, ಸಾಕ್ಷಿ ಇಲ್ಲದೆ ಕೇಸ್ ಬೀಳುತ್ತದೆ. ಈಗ ಸಮನ್ಸನ್ನು ಮೊಬೈಲಿಗೂ ಕಳಿಸಬಹುದು, ಸಾಕ್ಷ್ಯವನ್ನು ವಿಡಿಯೊ ಮೂಲಕವೂ ಹೇಳಬಹುದು. ಆದರೆ ಅದಕ್ಕೆ ಅವರು ಎಲ್ಲಿದ್ದಾರೆ ಎಂದು ಗೊತ್ತಿರಬೇಕು. ಹೊರಡುವ ಮೊದಲೇ ಊರಿನ ವಿಳಾಸ, ಅಲ್ಲಿನ ಠಾಣೆಯ ಹೆಸರು, ಮನೆಯವರ ಇನ್ನೊಂದು ಫೋನ್ ನಂಬರ್ ಬರೆದು ತನಿಖಾಧಿಕಾರಿಗೆ ಒಂದು ಪ್ರತಿ, ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಪ್ರತಿ ಕೊಡಿಸಿ. ಪರಿಹಾರದ ಹಣ ಬರುವ ತನಕ ಬ್ಯಾಂಕ್ ಖಾತೆ ಮುಚ್ಚದಂತೆ, ಸಿಮ್ ಬದಲಿಸದಂತೆಯೂ ಹೇಳಿ ಕಳಿಸಿ.